ಮೂವತ್ತನಾಲ್ಕು ಮಾರ್ಕಿನ ಬ್ಯಾಸ್ಕೆಟ್‌ಬಾಲ್

ಕೆಲವರಿಗೆ ನೆಗಡಿ ಬೇಗ ಹಿಡಿಯುತ್ತದೆ, ನನಗೆ ಅವಮಾನ. ತಿಂಗಳಿಗೊಂದು ಸಲವಾದರೂ ಎಲ್ಲಾದರೂ ನಾಲ್ಕು ಜನರ ನಡುವೆ ತಲೆ ತಗ್ಗಿಸಿ ನಿಲ್ಲುವ ಪ್ರಸಂಗ ತಪ್ಪುವುದಿಲ್ಲ. ಒಂದಕ್ಕೂ ಬೇರೆಯವರು ಕಾರಣರಲ್ಲ, ಎಲ್ಲವೂ ನಾನೇ ಶ್ರದ್ಧೆಯಿಂದ ಮಾಡಿಕೊಂಡದ್ದು. ಮದುವೆಮನೆಯಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ನಿಂತು, ನನ್ನ ಚಪ್ಪಲಿ ಕಳುವಾಯಿತೆಂದು ಗಲಾಟೆ ಮಾಡಿದವನು ನಾನು. ಆದರೆ ಅಂಥವೆಲ್ಲ ಅರ್ಧ ದಿನದ ನಾಚಿಕೆ. ಇಲ್ಲಿ ಹೇಳಹೊರಟಿರುವುದು ಒಂದೂವರೆ ತಿಂಗಳು ನಡೆದದ್ದು. ಇವತ್ತಿಗೂ ಬ್ಯಾಸ್ಕೆಟ್‌ಬಾಲ್ ಪುಟಿಯುವ ಸದ್ದು ಕೇಳಿದರೆ ರಸ್ತೆಯ ಆ ಬದಿಗೆ ದಾಟಿಕೊಂಡು ಹೋಗುತ್ತೇನೆ.

ನಾನು ವಿಮರ್ಶಕನಾದದ್ದು

ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಮನೆ ಶಂಕರಪುರಂನಲ್ಲಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದ ಕಾಲ, ನಮ್ಮ ರಸ್ತೆಯಲ್ಲಿ ಕಂಪ್ಯೂಟರ್ ಬಂದ ಮೊದಲ ಮನೆ ನಮ್ಮದು. ನನ್ನ ಹೆಂಡತಿ ಅದಕ್ಕೊಂದು ಕಸೂತಿ ಹಾಕಿದ ಹೊದಿಕೆ ಹೊಲಿದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಹೊದಿಸಿಬಿಡುತ್ತಿದ್ದಳು.

ನನ್ನ ಬಾಲ್ಯದ ಗೆಳೆಯನೊಬ್ಬ ಬಡಾವಣೆಗೆ ಸೀಮಿತವಾದ ಒಂದು ವಾರಪತ್ರಿಕೆ ನಡೆಸುತ್ತಿದ್ದ. ಎಂಟು ಪುಟ. ಅದರಲ್ಲಿ ನೀರು ಬಿಡುವ ವೇಳೆ, ಟ್ಯೂಷನ್ ಜಾಹೀರಾತು, ಕಳೆದುಹೋದ ಗಿಳಿ, ಸಿಕ್ಕಿದ ಕನ್ನಡಕ ಇಷ್ಟೇ ಇರುತ್ತಿತ್ತು. ಹುಡುಗರು ಓದುವಂಥದ್ದು ಏನೂ ಇಲ್ಲವೆಂದು ಯಾರೋ ಅಂದರಂತೆ. ಒಂದು ದಿನ ಮನೆಗೆ ಬಂದು, ಕಂಪ್ಯೂಟರ್ ಗೇಮುಗಳ ವಿಮರ್ಶೆ ಬರೆದುಕೊಡು ಅಂದ. ನನಗೆ ಆ ಗೇಮುಗಳ ಗಂಧಗಾಳಿ ಇಲ್ಲವೆಂದೆ. "ಮಾರ್ಕು ಹಾಕೋಕೆ ಬರುತ್ತಲ್ಲ, ಅಷ್ಟು ಸಾಕು ಕಣೋ," ಅಂದ.

ಅದೊಂದು ನನಗೆ ಚೆನ್ನಾಗಿ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಪಬ್ಲಿಕ್ ಪರೀಕ್ಷೆಯ ಪೇಪರು ತಿದ್ದಿದ್ದೇನೆ. ಮರುಮೌಲ್ಯಮಾಪನಕ್ಕೆ ಹೋದ ನನ್ನ ಒಂದು ಪೇಪರಿನಲ್ಲೂ ಒಂದು ಮಾರ್ಕು ಆಚೀಚೆ ಆಗಿರಲಿಲ್ಲ. ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಿದ್ದೆ. ಹಾಗಾಗಿ ಗೇಮುಗಳಿಗೂ ನೂರಕ್ಕೆ ಮಾರ್ಕು, ಮೂವತ್ತೈದಕ್ಕೆ ಪಾಸು ಎಂಬ ನಿಯಮ ಮಾಡಿಕೊಂಡೆ. ಚದುರಂಗದ ಗೇಮಿಗೆ ಎಂಬತ್ತೆರಡು ಕೊಟ್ಟೆ. ಕಾರಿನ ರೇಸಿನ ಗೇಮಿಗೆ ನಲವತ್ತೊಂದು. ಒಂದು ಸಿಗ್ನಲ್ಲಿನಲ್ಲೂ ಕಾರು ನಿಲ್ಲಲಿಲ್ಲವೆಂದು ಹದಿನೈದು ಮಾರ್ಕು ಕಳೆದಿದ್ದೆ. ರೇಸಿನಲ್ಲಿ ಸಿಗ್ನಲ್ ಎಲ್ಲಿರುತ್ತೆ ಎಂದು ಸಂಪಾದಕ ಗೆಳೆಯ ಕೇಳಿದ. ಇಲ್ಲವಲ್ಲ, ಅದಕ್ಕೇ ಕಳೆದದ್ದು ಅಂದೆ.

ಕೂಡಲು ಬಾರದ ಆಟ

ಐದನೆಯದಾಗಿ ಬಂದದ್ದು ಬ್ಯಾಸ್ಕೆಟ್‌ಬಾಲ್ ಗೇಮು. ಬಸವನಗುಡಿಯ ಹುಡುಗರಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು ಹಳೆಯದು. ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಕೋರ್ಟು. ನಾನು ಮೂವತ್ತು ವರ್ಷ ಅದರ ಬೇಲಿಯ ಪಕ್ಕದಲ್ಲೇ ಓಡಾಡಿದ್ದೇನೆ. ಒಂದು ದಿನವೂ ನಿಂತು ನೋಡಿರಲಿಲ್ಲ. ಚೆಂಡನ್ನು ಬುಟ್ಟಿಗೆ ಹಾಕುವುದು, ಅದರಲ್ಲಿ ತಿಳಿಯುವುದೇನಿದೆ ಎಂಬುದು ನನ್ನ ಧೋರಣೆ.

ಗೇಮು ಚೆನ್ನಾಗಿಯೇ ಶುರುವಾಯಿತು. ಬಲಗಡೆಯ ಬುಟ್ಟಿಗೆ ಚೆಂಡು ಹಾಕಬೇಕೆಂದು ಕಂಡುಕೊಂಡೆ. ಕೀಬೋರ್ಡು ಕುಟ್ಟಿ ಕುಟ್ಟಿ ಮಧ್ಯಂತರದ ಹೊತ್ತಿಗೆ ಹದಿನಾಲ್ಕು ಅಂಕ ಮಾಡಿದೆ. ಹೆಂಡತಿ ಕಾಫಿ ತಂದಳು. ಕುಡಿದು ಮತ್ತೆ ಕೂತೆ. ಆಮೇಲೆ ಶುರುವಾಯಿತು ವಿಚಿತ್ರ. ಬಲಗಡೆಯ ಬುಟ್ಟಿಗೆ ನಾನು ಚೆಂಡು ಹಾಕಿದಾಗಲೆಲ್ಲ ಅಂಕ ಎದುರಾಳಿ ತಂಡಕ್ಕೆ ಹೋಗುತ್ತಿತ್ತು. ಮೊದಲು ಕಣ್ಣಿನ ದೋಷವೆಂದುಕೊಂಡೆ. ಹಾಳೆಯೊಂದರ ಮೇಲೆ ಗೆರೆ ಎಳೆದು ಲೆಕ್ಕ ಇಟ್ಟೆ. ಮೂರು ಸಂಜೆ ಆಡಿದೆ. ಮೂರು ಸಂಜೆಯೂ ಮಧ್ಯಂತರದವರೆಗೆ ಲೆಕ್ಕ ಸರಿ, ಆಮೇಲೆ ತಪ್ಪು.

ಇನ್ನೊಂದು ವಿಚಿತ್ರವೂ ಇತ್ತು. ಮಧ್ಯಂತರಕ್ಕೆ ಮುಂಚೆ ಮೈಮೇಲೆ ಬೀಳುತ್ತಿದ್ದ ಎದುರಾಳಿಗಳು ಆಮೇಲೆ ನನ್ನನ್ನು ತಡೆಯಲು ಬರುತ್ತಲೇ ಇರಲಿಲ್ಲ. ಸುಮ್ಮನೆ ನಿಂತು ನೋಡುತ್ತಿದ್ದರು. ಇದನ್ನು ಸೋಮಾರಿತನವೆಂದು ಬರೆದು ಐದು ಮಾರ್ಕು ಕಳೆದೆ.

ವಿಮರ್ಶೆಯನ್ನು ಬಹಳ ಗಂಭೀರವಾಗಿ ಬರೆದೆ. ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ, ಆದರೆ ಇಷ್ಟು ದೊಡ್ಡ ಕಂಪನಿಗೆ ಕೂಡುವ ಲೆಕ್ಕ ಬರುವುದಿಲ್ಲ, ಒಬ್ಬರ ದುಡಿಮೆಯನ್ನು ಇನ್ನೊಬ್ಬರಿಗೆ ಬರೆಯುವ ಆಟ ಮಕ್ಕಳಿಗೆ ಏನು ನೀತಿ ಕಲಿಸೀತು ಎಂದೆಲ್ಲ ಕೇಳಿದ್ದೆ. ಕೊನೆಗೆ ಮೂವತ್ತನಾಲ್ಕು ಮಾರ್ಕು ಹಾಕಿದೆ. ಹಾಕುವುದು ಹಾಕಿದಿರಿ, ಇನ್ನೊಂದು ಕೊಟ್ಟು ಪಾಸು ಮಾಡಬಾರದೇ ಅಂದಳು ಹೆಂಡತಿ. ಕೂಡಲು ಬಾರದವರನ್ನು ಪಾಸು ಮಾಡಿದರೆ ನಾಳೆ ಅವರು ನನ್ನ ಹೆಸರು ಹೇಳಿಕೊಂಡು ಬೇರೆ ಗೇಮು ಮಾಡುತ್ತಾರೆ ಅಂದೆ.

ಮರುಮೌಲ್ಯಮಾಪನದ ಅರ್ಜಿ

ಪತ್ರಿಕೆ ಬಂದ ಮರುದಿನ ಭಾನುವಾರ. ಬೆಳಗ್ಗೆ ಗೇಟಿನ ಹತ್ತಿರ ಐದು ಹುಡುಗರು ನಿಂತಿದ್ದರು. ಎಲ್ಲರೂ ಎತ್ತರ. ಒಬ್ಬನಂತೂ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದ. ಪಕ್ಕದ ರಸ್ತೆಯವನು, ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದ. ಅವನನ್ನು ಇಲ್ಲಿ ಉದ್ದನೆಯವನು ಅಂತಲೇ ಕರೆಯುತ್ತೇನೆ.

ಐವರೂ ಸಾಲಾಗಿ ಕೂತರು. ಹೆಂಡತಿ ಕೊಟ್ಟ ಕೋಡುಬಳೆಯನ್ನು ಸದ್ದಾಗದಂತೆ ತಿನ್ನಲು ನೋಡಿದರು. ಕೋಡುಬಳೆಯನ್ನು ಹಾಗೆ ತಿನ್ನಲು ಸಾಧ್ಯವೇ. ಕೊನೆಗೆ ಉದ್ದನೆಯವನು ಜೇಬಿನಿಂದ ಫುಲ್‌ಸ್ಕೇಪ್ ಹಾಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನೋಡಿದರೆ ಅರ್ಜಿ. "ಇಂದ, ಗೆ, ಮಾನ್ಯರೇ, ವಿಷಯ: ಬ್ಯಾಸ್ಕೆಟ್‌ಬಾಲ್ ಗೇಮಿಗೆ ನೀಡಲಾದ ಅಂಕಗಳ ಮರುಮೌಲ್ಯಮಾಪನ ಕೋರಿ." ಅಂಚು ಬಿಟ್ಟು, ಅಂಕಿ ಹಾಕಿ, ನಾಲ್ಕು ಅಂಶ ಬರೆದಿದ್ದರು. ಕೆಳಗೆ ಐದು ಸಹಿ.

ಉದ್ದನೆಯವನು ವಿಷಯ ಹೇಳಿದ. ಅವನ ತಂದೆ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ನನ್ನ ಮಾರ್ಕಿನ ಮೇಲೆ ಅವರಿಗೆ ಬಹಳ ಗೌರವ. ವಿಮರ್ಶೆ ಓದಿ, ಅದನ್ನು ಕತ್ತರಿಸಿ ಫೈಲಿಗೆ ಹಾಕಿ, ಮಗನ ಗೇಮಿನ ಸಿ.ಡಿ.ಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅಷ್ಟೇ ಅಲ್ಲ, ಫೇಲಾದ ಆಟದ ಸಹವಾಸವೇ ಬೇಡವೆಂದು ಕೋರ್ಟಿಗೆ ಹೋಗುವುದನ್ನೂ ನಿಲ್ಲಿಸಿದ್ದರು. ಇನ್ನೊಂದು ತಿಂಗಳಿಗೆ ಬಡಾವಣೆಗಳ ಪಂದ್ಯ. ಇವನಿಲ್ಲದಿದ್ದರೆ ತಂಡದಲ್ಲಿ ಎತ್ತರದವರು ಯಾರೂ ಇಲ್ಲ ಅಂದರು ಉಳಿದ ನಾಲ್ವರು. ಆ ನಾಲ್ವರನ್ನು ನೋಡಲು ನಾನೇ ಕತ್ತು ಮೇಲೆತ್ತಬೇಕಿತ್ತು.

"ನೀವು ಪಾಸು ಮಾಡಿದ್ರೆ ಮಾತ್ರ ಕಳಿಸ್ತಾರಂತೆ ಸಾರ್," ಅಂದ ಉದ್ದನೆಯವನು.

ನಿಜ ಹೇಳಬೇಕೆಂದರೆ ಆಗ ನನಗೆ ಹೆಮ್ಮೆಯಾಯಿತು. ಇಂಥ ತಂದೆ ಊರಿಗೆ ಹತ್ತು ಜನ ಇದ್ದರೆ ದೇಶ ಉದ್ಧಾರವಾಗುತ್ತದೆ ಅಂದುಕೊಂಡೆ. ಅರ್ಜಿಯ ಮೊದಲ ಅಂಶ ಓದಿದೆ. ಆಟಗಾರರ ಹಣೆಯ ಬೆವರು ಕೂಡ ಕಾಣುತ್ತದೆ ಎಂದಿತ್ತು. ಬೆವರಿಗೆ ಮಾರ್ಕಿಲ್ಲ ಅಂದೆ. ಎರಡನೆಯದು ಪ್ರೇಕ್ಷಕರ ಕೂಗಿನ ಬಗ್ಗೆ, ಮೂರನೆಯದು ಇನ್ನೇನೋ. ಅಲ್ಲಿಗೆ ಮಡಚಿ ಪಂಚಾಂಗದ ಕೆಳಗಿಟ್ಟೆ. ಹುಡುಗರು ಪಂಚಾಂಗವನ್ನೇ ನೋಡುತ್ತಾ ಕೂತರು.

"ನಾಲ್ಕನೇದು ಸ್ವಲ್ಪ..." ಅಂದ ಉದ್ದನೆಯವನು.

ಇಪ್ಪತ್ತೆರಡು ವರ್ಷ, ಒಂದು ಮಾರ್ಕೂ ಆಚೀಚೆ ಆಗಿಲ್ಲ ಎಂಬ ನನ್ನ ನಿತ್ಯದ ಮಾತನ್ನು ಹೇಳಿದೆ. ಅವನು ಬಹಳ ಹೊತ್ತು ಕೈ ಹೊಸೆದುಕೊಂಡು, ಒಂದು ಗ್ರೇಸ್ ಮಾರ್ಕಾದರೂ ಕೊಡಬಹುದೇ ಎಂದು ಕೇಳಿದ. ಗ್ರೇಸ್ ಮಾರ್ಕು ಕಷ್ಟಪಟ್ಟು ಓದಿಯೂ ತಲೆಗೆ ಹತ್ತದವರಿಗೆ, ಹೀಗೆ ಎದ್ದು ಕಾಣುವ ತಪ್ಪನ್ನೇ ಮತ್ತೆ ಮತ್ತೆ ಮಾಡುವವರಿಗಲ್ಲ ಅಂದೆ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದ್ದು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದರು.

ಒಂಬತ್ತೂ ಚಿಲ್ಲರೆ

ಆ ವಾರ ಪತ್ರಿಕೆಗೆ ನಲವತ್ತು ಕಾಗದ ಬಂದವು. ಅಲ್ಲಿಯವರೆಗೆ ಬೀದಿನಾಯಿಯ ಬಗ್ಗೆ ಬಿಟ್ಟರೆ ಅದಕ್ಕೆ ಕಾಗದವೇ ಬಂದಿರಲಿಲ್ಲ. ಸಂಪಾದಕ ಗೆಳೆಯ ಕಾಗದಗಳನ್ನು ಸಾರಿನ ಪುಡಿಯ ಡಬ್ಬದಲ್ಲಿ ತುಂಬಿಕೊಂಡು ಕುಣಿಯುತ್ತಾ ಬಂದ. ಎಲ್ಲ ಗೇಮಿನ ಅಭಿಮಾನಿಗಳದ್ದು. ಮಲ್ಲೇಶ್ವರದಿಂದಲೂ ಬಂದಿದ್ದವು. ಬೈಗುಳ ಒಂದೂ ಇರಲಿಲ್ಲ. "ತಾವು ದೊಡ್ಡವರು, ಆದರೂ" ಎಂದು ಶುರುವಾಗಿ "ತಪ್ಪಿದ್ದರೆ ಕ್ಷಮಿಸಿ" ಎಂದು ಮುಗಿಯುತ್ತಿದ್ದವು. ನಡುವೆ ಏನು ತಪ್ಪು ಎಂದು ಒಬ್ಬರೂ ನೇರವಾಗಿ ಬರೆದಿರಲಿಲ್ಲ. ಗಣಿತದ ಮೇಷ್ಟ್ರಿಗೆ ಲೆಕ್ಕ ತಪ್ಪಿದೆ ಎಂದು ಹೇಳುವ ಅಭ್ಯಾಸ ನಮ್ಮ ಕಡೆಯ ಹುಡುಗರಿಗೆ ಇಲ್ಲ.

ಒಬ್ಬ ಮಾತ್ರ ಸ್ವಲ್ಪ ಧೈರ್ಯ ಮಾಡಿದ್ದ. ಇದೇ ಗೇಮಿಗೆ ಹೆಸರಾಂತ ವಿದೇಶಿ ಪತ್ರಿಕೆಯೊಂದು ೯.೨ ಕೊಟ್ಟಿದೆ, ತಾವು ಅದನ್ನು ಗಮನಿಸಬೇಕು ಎಂದು ಬರೆದಿದ್ದ. ಓದಿ ನನಗೆ ಎಂಥ ಸಮಾಧಾನವಾಯಿತು ಹೇಳಲಾರೆ. ಕೂತು ಉತ್ತರ ಬರೆದೆ. "ನಾನು ಕಠಿಣನೆಂದು ದೂರುವ ಓದುಗರೇ, ವಿದೇಶದವರು ಕೊಟ್ಟಿರುವುದು ಬರೀ ಒಂಬತ್ತೂ ಚಿಲ್ಲರೆ. ನಾನು ಮೂವತ್ತನಾಲ್ಕು ಕೊಟ್ಟಿದ್ದೇನೆ. ಯಾರು ಉದಾರಿ?"

ಹೆಂಡತಿ ಅದನ್ನು ಓದಿ, ಅವರು ನೂರಕ್ಕೆ ಹಾಕಿದ್ದೋ ಹತ್ತಕ್ಕೆ ಹಾಕಿದ್ದೋ ಎಂದು ಕೇಳಿದಳು. ಮಾರ್ಕು ಅಂದರೆ ನೂರಕ್ಕೇ, ಹತ್ತಕ್ಕೆ ಹಾಕುವುದು ಒಂದನೇ ಕ್ಲಾಸಿನ ಡಿಕ್ಟೇಷನ್ನಿಗೆ ಎಂದು ಅವಳ ಬಾಯಿ ಮುಚ್ಚಿಸಿದೆ. ಪತ್ರಿಕೆ ಅಚ್ಚಾಗಿ ಮನೆಮನೆಗೆ ಹೋಯಿತು. ಸೋಮವಾರ ಕ್ಲಾಸಿನಲ್ಲಿ ದಶಮಾಂಶ ಹೇಳಿಕೊಡಬೇಕಿತ್ತು. ಬೋರ್ಡಿನ ಮೇಲೆ ಚುಕ್ಕಿ ಇಟ್ಟದ್ದೇ ತಡ, ಹಿಂದಿನ ಬೆಂಚಿನಿಂದ ಶುರುವಾದ ಕೆಮ್ಮು ಮುಂದಿನ ಬೆಂಚಿನವರೆಗೂ ಬಂತು. ಆಗ ನನಗೆ ಮೊದಲ ಸಲ ಕಿವಿ ಬಿಸಿಯಾಯಿತು.

ಆದರೂ ಸೋಲಲಿಲ್ಲ. ಹತ್ತಕ್ಕೆ ಒಂಬತ್ತೇ ಇರಲಿ, ಕೂಡಲು ಬಾರದ ಆಟಕ್ಕೆ ಅಷ್ಟು ಹೇಗೆ ಬಂತು ಎಂದು ಯೋಚಿಸಿದೆ. ಆ ವಿದೇಶಿ ವಿಮರ್ಶಕ ಮಧ್ಯಂತರದವರೆಗೆ ಮಾತ್ರ ಆಡಿ ಎದ್ದಿರಬೇಕು ಎಂದು ತೀರ್ಮಾನಿಸಿ ನೆಮ್ಮದಿಯಾಗಿ ಮಲಗಿದೆ.

ಚಟ್ನಿಯ ಕಡೆ, ಸಾಂಬಾರಿನ ಕಡೆ

ಗಾಂಧಿ ಬಜಾರಿನಲ್ಲಿ ಹೂವು ತಗೊಂಡು, ಅಲ್ಲೇ ಹೋಟೆಲಿನಲ್ಲಿ ಇಡ್ಲಿ ವಡೆ ತಿನ್ನುವುದು ನನ್ನ ಶನಿವಾರದ ಪದ್ಧತಿ. ಮೂರನೇ ವಾರ ಹಾಗೆ ತಿನ್ನುತ್ತಿದ್ದಾಗ ಎದುರಿಗೆ ಒಬ್ಬರು ಬಂದು ಕೂತರು. ಎಪ್ಪತ್ತರ ಹತ್ತಿರದ ವಯಸ್ಸು, ಕತ್ತಿನಲ್ಲಿ ವಿಷಲ್. ನಮ್ಮ ಬಡಾವಣೆಯ ಹುಡುಗರಿಗೆ ನಲವತ್ತು ವರ್ಷದಿಂದ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುತ್ತಿದ್ದ ಕೋಚ್. ನನಗಿಂತ ಹಿರಿಯರಾದ್ದರಿಂದ ಅವರಿಗೆ ಸಂಕೋಚವಿರಲಿಲ್ಲ.

ಏನೂ ಪೀಠಿಕೆ ಹಾಕದೆ ನನ್ನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಚಟ್ನಿ ಬಟ್ಟಲನ್ನು ಈ ತುದಿಗೆ, ಸಾಂಬಾರ್ ಬಟ್ಟಲನ್ನು ಆ ತುದಿಗೆ ಇಟ್ಟರು. ನನ್ನ ವಡೆಯಿಂದ ಒಂದು ಚೂರು ಮುರಿದರು. ಇದು ಚೆಂಡು, ಮೊದಲರ್ಧ ನೀವು ಸಾಂಬಾರಿಗೆ ಹಾಕುತ್ತಿದ್ದೀರಿ, ಸರಿಯೇ ಎಂದು ಕೇಳಿದರು. ಸರಿ ಅಂದೆ.

"ಮಧ್ಯಂತರ ಆದ್ಮೇಲೆ ತಂಡಗಳು ಕಡೆ ಬದಲಾಯಿಸ್ಕೊಳ್ತವೆ ಮೇಷ್ಟ್ರೇ. ಈಗ ನೀವು ಚಟ್ನಿಗೆ ಹಾಕ್ಬೇಕು. ನೀವು ಸಾಂಬಾರಿಗೇ ಹಾಕ್ತಾ ಇದ್ರಿ."

ಚೂರನ್ನು ಸಾಂಬಾರಿಗೆ ಹಾಕಿ ತೋರಿಸಿದರು. ಅದು ಮುಳುಗಿತು. ನಾನೂ ಜೊತೆಗೇ ಮುಳುಗಿದೆ. ಎದುರಾಳಿಗಳು ಯಾಕೆ ಸುಮ್ಮನೆ ನಿಂತು ನೋಡುತ್ತಿದ್ದರೆಂದು ಆಗ ತಿಳಿಯಿತು. ತನ್ನ ಬುಟ್ಟಿಗೆ ತಾನೇ ಚೆಂಡು ತುಂಬುತ್ತಿರುವವನನ್ನು ಯಾರು ತಡೆಯುತ್ತಾರೆ. ಅವರ ಅಂಕ ಅವರಿಗೇ ಸರಿಯಾಗಿ ಸೇರುತ್ತಿತ್ತು. ಕೂಡಲು ಬಾರದಿದ್ದದ್ದು ನನಗೆ.

ಹುಡುಗರಿಗೆ ಇದು ಗೊತ್ತೇ ಎಂದು ಮೆಲ್ಲಗೆ ಕೇಳಿದೆ. ಮೊದಲ ದಿನದಿಂದ ಗೊತ್ತು ಅಂದರು. ಮತ್ತೆ ಯಾಕೆ ಹೇಳಲಿಲ್ಲ ಅಂದರೆ, ಮೇಷ್ಟ್ರಿಗೆ ಬಾಯಲ್ಲಿ ಹೇಗೆ ಹೇಳುವುದೆಂದು ಅರ್ಜಿಯಲ್ಲಿ ಬರೆದುಕೊಟ್ಟಿದ್ದಾರಲ್ಲ ಅಂದರು.

ಮನೆಗೆ ಬಂದು ಪಂಚಾಂಗದ ಕೆಳಗಿನಿಂದ ಅರ್ಜಿ ತೆಗೆದೆ. ನಾಲ್ಕನೇ ಅಂಶ ಹೀಗಿತ್ತು: "ಮಧ್ಯಂತರದ ನಂತರ ಎರಡೂ ತಂಡಗಳು ಬದಿಗಳನ್ನು ಅದಲುಬದಲು ಮಾಡಿಕೊಳ್ಳುವ ಪದ್ಧತಿ ತಮಗೆ ತಿಳಿದೇ ಇರುತ್ತದೆ." ಆ "ತಿಳಿದೇ ಇರುತ್ತದೆ" ಓದಿ, ಕೋಣೆಯಲ್ಲಿ ಒಬ್ಬನೇ ಇದ್ದರೂ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಎದ್ದು ಕಾಣುವ ತಪ್ಪನ್ನೇ ಮತ್ತೆ ಮತ್ತೆ ಮಾಡುವವರು ಎಂದು ಆ ಹುಡುಗರ ಮುಂದೆ ಅಂದಿದ್ದೆನಲ್ಲ, ಅವರು ಅದನ್ನು ಕೇಳಿಸಿಕೊಂಡು ಕಾಲಿಗೆ ನಮಸ್ಕಾರ ಮಾಡಿ ಹೋಗಿದ್ದರು.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಹುರುಳಿಕಾಯಿ ಬಿಡಿಸುತ್ತಾ ಕೇಳಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀವು ಅದಕ್ಕೆ ಮಾರ್ಕು ಬೇರೆ ಕಳೆದಿರಿ ಅಂದಳು.

"ಓದಿಕೊಳ್ಳುವುದು"

ಮರ್ಯಾದಸ್ಥನಾದವನು ಆಗಲೇ ಪಕ್ಕದ ರಸ್ತೆಗೆ ಹೋಗಿ ಆ ತಂದೆಯ ಮುಂದೆ ನಿಜ ಹೇಳುತ್ತಿದ್ದ. ನಾನು ಹೋದೆ, ಅವರ ಗೇಟಿನ ತನಕ. ಒಳಗೆ ಆ ಮನುಷ್ಯ ಪೇಪರು ಓದುತ್ತಾ ಕೂತಿದ್ದರು. ಇಪ್ಪತ್ತೆರಡು ವರ್ಷದ ಮಾತು ನೆನಪಾಯಿತು. ಗೇಟಿನ ಪಕ್ಕದ ಪಾರಿಜಾತದ ಗಿಡವನ್ನು ಪರೀಕ್ಷಿಸಿದವನಂತೆ ಮಾಡಿ ವಾಪಸು ಬಂದೆ.

ಬದಲಿಗೆ ಹೇಡಿಗಳು ಮಾಡುವ ಕೆಲಸ ಮಾಡಿದೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದೆ. ಕಾಗದ ಬರುವುದು ನಿಂತುಹೋಗುತ್ತದೆ ಎಂದು ಗೆಳೆಯ ಗೊಣಗಿದ. ಕಾಲು ಹಿಡಿದು ಒಪ್ಪಿಸಿದೆ. ಎಂಟನೇ ಪುಟದ ಕೆಳಗೆ, ಕೊಳಾಯಿ ರಿಪೇರಿಯ ಜಾಹೀರಾತಿನ ಪಕ್ಕದಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು ಸಣ್ಣಕ್ಷರದಲ್ಲಿ ಬಂತು: "ಬ್ಯಾಸ್ಕೆಟ್‌ಬಾಲ್ ಗೇಮಿನ ಅಂಕ ಮೂವತ್ತನಾಲ್ಕು ಎಂಬುದನ್ನು ಎಪ್ಪತ್ತೊಂದು ಎಂದು ಓದಿಕೊಳ್ಳುವುದು." ಯಾಕೆ ಎಂಬುದನ್ನು ಬರೆಯಲಿಲ್ಲ.

ಯಾರೂ ನೋಡಲಾರರು ಅಂದುಕೊಂಡಿದ್ದೆ. ಎಲ್ಲರೂ ನೋಡಿದರು. ಮೊದಲು ಬಂದವರು ಪಾರ್ಕಿನಲ್ಲಿ ಚದುರಂಗ ಆಡುವ ಹಿರಿಯರು. ಅವರ ಗೇಮಿಗೆ ನಾನು ಕೊಟ್ಟಿದ್ದ ಎಂಬತ್ತೆರಡರ ಹತ್ತಿರಕ್ಕೆ ಬ್ಯಾಸ್ಕೆಟ್‌ಬಾಲ್ ರಾತ್ರೋರಾತ್ರಿ ಹೇಗೆ ಬಂತೆಂದು ಕೇಳಿದರು. ತಮಗೂ ಮೂವತ್ತೇಳು ಸೇರಿಸಬೇಕೆಂದು ಹಟ ಹಿಡಿದರು. ಸೇರಿಸಿದರೆ ನೂರಕ್ಕೆ ನೂರಹತ್ತೊಂಬತ್ತಾಗುತ್ತದೆ ಅಂದರೆ, ಅದು ನಿಮ್ಮ ತಲೆನೋವು ಅಂದರು.

ಅದು ಹೋಗಲಿ. ಸಂಜೆ ಆ ಸೂಪರಿಂಟೆಂಡೆಂಟರೇ ಮನೆಗೆ ಬಂದರು. ಕೈಯಲ್ಲಿ ಫೈಲು. ಮೊದಲ ವಿಮರ್ಶೆ ಒಂದು ಪುಟದಲ್ಲಿ, ತಿದ್ದುಪಡಿ ಇನ್ನೊಂದು ಪುಟದಲ್ಲಿ ಅಂಟಿಸಿದ್ದರು. ನನಗಾಗಿ ಅವರ ಕಣ್ಣಲ್ಲಿ ಮರುಕವಿತ್ತು.

"ಮೂವತ್ನಾಲ್ಕು ಎಪ್ಪತ್ತೊಂದಾಗ್ಬೇಕಾದ್ರೆ ಮಧ್ಯೆ ಏನೋ ನಡೆದಿದೆ ಮೇಷ್ಟ್ರೇ. ನನ್ನ ಮಗ ಗ್ಯಾಂಗ್ ಕಟ್ಕೊಂಡು ಬಂದು ನಿಮ್ಮನ್ನ ಹೆದರ್ಸಿದ್ನಾ?"

ನನ್ನ ಬಾಯಿಂದ ಇಲ್ಲ ಎಂಬುದಷ್ಟೇ ಬಂತು. ನೀವು ದೊಡ್ಡ ಮನಸ್ಸಿನವರು, ಹುಡುಗರನ್ನು ಬಿಟ್ಟುಕೊಡುತ್ತಿಲ್ಲ ಎಂದು ಅವರು ಕೈ ಮುಗಿದರು. ಮಗನನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿ ಹೊರಗೆ ಕೂರಿಸಿ, ಉಳಿದವರು ಆಡುವುದನ್ನು ನೋಡುವಂತೆ ಮಾಡುತ್ತಾರಂತೆ, ಅದೇ ಅವನಿಗೆ ಶಿಕ್ಷೆಯಂತೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತ್ತು. ಅವರನ್ನು ಕಳುಹಿಸಿ ಒಳಗೆ ಬಂದರೆ ಹೆಂಡತಿ ಕಾಫಿಗೆ ಇಟ್ಟಿದ್ದ ಹಾಲನ್ನು ಒಲೆಯಿಂದ ಇಳಿಸಿದಳು. ಆ ಹುಡುಗ ಆಡುವವರೆಗೆ ನಿಮಗೆ ಕಾಫಿ ಇಲ್ಲ ಅಂದಳು.

ಕೋರ್ಟಿನ ಸಂಜೆ

ಪಂದ್ಯದ ದಿನ ಭಾನುವಾರ ನಾಲ್ಕು ಗಂಟೆಗೆ ಹೋದೆ. ಕಾಫಿ ಇಲ್ಲದೆ ಎಂಟು ದಿನವಾಗಿತ್ತು. ಧೈರ್ಯಕ್ಕೆ ಕಾರಣ ಅದೂ ಇರಬಹುದು. ಬೇಲಿಯ ಒಳಗೆ ಮೊದಲ ಸಲ ಕಾಲಿಟ್ಟೆ. ಕಲ್ಲಿನ ಮೆಟ್ಟಿಲ ಮೇಲೆ ಅರ್ಧ ಬಡಾವಣೆ ಕೂತಿತ್ತು. ಸಂಪಾದಕ ಗೆಳೆಯ, ಚದುರಂಗದ ಹಿರಿಯರು, ನನ್ನ ಕ್ಲಾಸಿನ ಹಿಂದಿನ ಬೆಂಚು, ಎಲ್ಲರೂ. ಮುಂದಿನ ಸಾಲಿನಲ್ಲಿ ಸೂಪರಿಂಟೆಂಡೆಂಟರು, ಅವರ ಪಕ್ಕದಲ್ಲಿ ಶರಟಿನ ಗುಂಡಿ ಕತ್ತಿನವರೆಗೆ ಹಾಕಿಕೊಂಡ ಉದ್ದನೆಯವನು, ತಲೆ ತಗ್ಗಿಸಿಕೊಂಡು. ತಲೆ ತಗ್ಗಿಸಬೇಕಾದ ನಾನು ನೆಟ್ಟಗೆ ನಿಂತಿದ್ದೆ.

ಕೋಚ್ ಹತ್ತಿರ ಹೋಗಿ ಎರಡು ಮಾತಾಡಬೇಕು ಅಂದೆ. ಅವರು ಏನೂ ಕೇಳದೆ ಮೈಕು ಕೊಟ್ಟರು. ಮೈಕಿನಲ್ಲಿ ಉಸಿರೂ ಕೇಳುತ್ತದೆ ಎಂಬುದು ಗೊತ್ತಿರಲಿಲ್ಲ. ನನ್ನ ಉಸಿರನ್ನೇ ಎಲ್ಲರೂ ಸ್ವಲ್ಪ ಹೊತ್ತು ಕೇಳಿದರು.

"ಆ ಮೂವತ್ನಾಲ್ಕು ಮಾರ್ಕು ಆ ಗೇಮಿಂದಲ್ಲ, ನಂದು," ಅಂದೆ. "ಮಧ್ಯಂತರ ಆದ್ಮೇಲೆ ಕಡೆ ಬದಲಾಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ. ನನ್ನ ಬುಟ್ಟಿಗೆ ನಾನೇ ಹಾಕ್ಕೊಂಡು ಗೇಮಿಗೆ ಲೆಕ್ಕ ಬರಲ್ಲ ಅಂತ ಬರೆದೆ. ಈ ಹುಡುಗರು ಹೆದರಿಸ್ಲಿಲ್ಲ. ತಪ್ಪು ಎಲ್ಲಿದೆ ಅಂತ ಅರ್ಜೀಲಿ ಬರೆದುಕೊಟ್ರು. ನಾನು ಓದ್ಲಿಲ್ಲ."

ನಗುತ್ತಾರೆ ಅಂದುಕೊಂಡಿದ್ದೆ. ನಕ್ಕಿದ್ದರೆ ಚೆನ್ನಾಗಿತ್ತು. ಸೂಪರಿಂಟೆಂಡೆಂಟರು ಎದ್ದು ಬಂದು ಕೈ ಚಾಚಿದರು. ಕೈ ಕುಲುಕಲು ಅಂದುಕೊಂಡು ನಾನೂ ಚಾಚಿದೆ. ಅವರು ಕೇಳಿದ್ದು ಅರ್ಜಿ. ಜೇಬಿನಲ್ಲಿತ್ತು, ಕೊಟ್ಟೆ. ಅಲ್ಲೇ ನಿಂತು, ಕನ್ನಡಕ ಹಾಕಿಕೊಂಡು, ನಾಲ್ಕೂ ಅಂಶ ಓದಿದರು. ಐದು ಸಹಿಗಳನ್ನು ನೋಡಿದರು. ದಿನಾಂಕ ನೋಡಿದರು. ವಿಮರ್ಶೆ ಬಂದ ಮರುದಿನದ್ದು.

"ಲಿಖಿತವಾಗಿ ಕೊಟ್ಟಿದಾರೆ, ಟೈಮಿಗೆ ಸರಿಯಾಗಿ ಕೊಟ್ಟಿದಾರೆ," ಎಂದು ತಮಗೇ ಹೇಳಿಕೊಂಡು, ಮಗನ ಕಡೆ ತಿರುಗಿ ಹೋಗು ಅಂದರು. ಉದ್ದನೆಯವನು ಮೇಲೆದ್ದು ಶರಟು ಬಿಚ್ಚಿದ. ಒಳಗೆ ತಂಡದ ಬನಿಯನ್ನು ಹಾಕಿಕೊಂಡೇ ಬಂದಿದ್ದ. ಅವನ ಹೆಸರನ್ನು ಕೋಚ್ ಪಟ್ಟಿಯಿಂದ ತೆಗೆದೇ ಇರಲಿಲ್ಲ.

ಆ ಸಂಜೆಯೆಲ್ಲ ನನಗೆ ಜನರ ಮುಖ ನೋಡಲಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ನನ್ನದು ಒಂದು ಮಾರ್ಕಿಗೆ ಹೋಗಿತ್ತು. ಕಣ್ಣನ್ನು ಚೆಂಡಿನ ಮೇಲೆ ಇಟ್ಟುಕೊಂಡು ಕೂತೆ. ನಾಲ್ಕು ವಾರ ಅಭ್ಯಾಸ ಇಲ್ಲದಿದ್ದರೂ ಉದ್ದನೆಯವನು ಚೆನ್ನಾಗಿ ಆಡಿದ. ಮಧ್ಯಂತರವಾಯಿತು. ತಂಡಗಳು ಕಡೆ ಬದಲಾಯಿಸಿಕೊಂಡವು. ನನ್ನ ಪಕ್ಕದ ಚದುರಂಗದ ಹಿರಿಯರಿಗೆ ಈಗ ನಾವು ಚೆಂಡು ಹಾಕಬೇಕಾದದ್ದು ಆ ಬುಟ್ಟಿಗೆ ಎಂದು ಬಹಳ ಅಧಿಕಾರದಿಂದ ಹೇಳಿದೆ. ಅವರು ನನ್ನನ್ನು ಒಂದು ಥರಾ ನೋಡಿದರು.

ಆಟ ಮುಗಿಯಲು ಇನ್ನು ಅರ್ಧ ನಿಮಿಷ. ನಮ್ಮ ತಂಡ ಹದಿನೈದು ಅಂಕ ಮುಂದಿತ್ತು. ಚೆಂಡು ಉದ್ದನೆಯವನ ಕೈಗೆ ಬಂತು. ಅವನು ಒಂದು ಕ್ಷಣ ನಿಂತು, ಮೆಟ್ಟಿಲ ಮೇಲೆ ನಾನಿದ್ದ ಕಡೆ ನೋಡಿದ. ಆಮೇಲೆ ತಿರುಗಿ ಓಡಿದ, ನಮ್ಮದೇ ಬುಟ್ಟಿಯ ಕಡೆಗೆ. ಎದುರಾಳಿಗಳು ಒಬ್ಬರೂ ತಡೆಯಲಿಲ್ಲ. ನನ್ನ ಗೇಮಿನಲ್ಲಿ ನಿಂತಿದ್ದ ಹಾಗೇ ನಿಂತು ನೋಡಿದರು. ಅವನು ಮೇಲೆ ಹಾರಿ ಚೆಂಡನ್ನು ನೆಟ್ಟಗೆ ಒಳಗೆ ಇಳಿಸಿದ.

ಇಡೀ ಕೋರ್ಟು ಬಿದ್ದು ಬಿದ್ದು ನಕ್ಕಿತು. ಬೇಕೆಂದೇ ತನ್ನ ಬುಟ್ಟಿಗೆ ಹಾಕಿಕೊಂಡರೆ ಅಂಕ ಲೆಕ್ಕಕ್ಕಿಲ್ಲ, ಮರೆತು ಹಾಕಿದರೆ ಎದುರಾಳಿಗೆ ಎರಡು, ಇದು ಆಟದ ನಿಯಮವಂತೆ. ರೆಫರಿ ಬಂದು ಅವನನ್ನು ಕೇಳಿದರು. ಮರೆತುಹೋಯಿತು ಎಂದು ಅವನು ಎರಡೂ ಕಿವಿ ಹಿಡಿದುಕೊಂಡ. ಎದುರಾಳಿಗೆ ಎರಡು ಅಂಕ ಬರೆದರು. ಸೂಪರಿಂಟೆಂಡೆಂಟರು ಫೈಲು ತೆರೆದು, ಮೇಷ್ಟ್ರು ಮೊದಲು ಬರೆದದ್ದೂ ಪೂರ್ತಿ ತಪ್ಪಲ್ಲ, ಮಧ್ಯಂತರ ಆದಮೇಲೆ ಎಂಥವರಿಗೂ ಲೆಕ್ಕ ತಪ್ಪುತ್ತದೆ ಅಂದರು. ಸುತ್ತಲಿದ್ದವರು ನನ್ನ ಬೆನ್ನು ತಟ್ಟಿದರು. ಒಂದೂವರೆ ತಿಂಗಳಿನಲ್ಲಿ ಮೊದಲ ಸಲ ನಾನೂ ನಕ್ಕೆ. ನಗುವಾಗ ಕಣ್ಣಲ್ಲಿ ನೀರು ಬಂತು, ಅದನ್ನು ಕಾಫಿ ಬಿಟ್ಟದ್ದರ ತಲೆನೋವು ಅಂದೆ.

ಜನ ಚದುರಿದ ಮೇಲೆ ಉದ್ದನೆಯವನನ್ನು ಬೇಲಿಯ ಪಕ್ಕಕ್ಕೆ ಕರೆದೆ. ಅವನು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದ. ಹಣೆಯ ಮೇಲೆ ಬೆವರು ನಿಜಕ್ಕೂ ಕಾಣುತ್ತಿತ್ತು. ನನ್ನ ಮಾನ ಉಳಿಸಲು ಬೇಕಂತಲೇ ಹಾಗೆ ಮಾಡಿದೆಯಾ, ನಿಜ ಹೇಳು ಎಂದು ಕೇಳಿದೆ. ಅವನು ನೆಲ ನೋಡಿದ. ಮೇಷ್ಟ್ರ ಮುಂದೆ ಬಾಯಿ ಬಿಡುವ ಅಭ್ಯಾಸ ಅವನಿಗೆ ಆಗಲೂ ಬಂದಿರಲಿಲ್ಲ.

"ಬರೆದುಕೊಡ್ತೀನಿ ಸಾರ್," ಅಂದ. "ಈ ಸಲ ನಾಲ್ಕನೇ ಪಾಯಿಂಟ್‌ವರೆಗೂ ಓದಿ."